ಎರವಲು ನಡಿಗೆ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 6:10

ಹಲ್ಲುಜ್ಜಿದ್ದು ಒಂಟಿ ಕಾಲಲ್ಲಿ. ಮೇಲಿನ ಸಾಲಿಗೆ ಎಡಗಾಲು, ಕೆಳಗಿನ ಸಾಲಿಗೆ ಬಲಗಾಲು. ಇವತ್ತು ಬಾಯಿ ಮುಕ್ಕಳಿಸುವಾಗಲೂ ಕಾಲು ಕೆಳಗಿಡಲಿಲ್ಲ. ದಾಖಲೆ. ಕನ್ನಡಿಗೆಲ್ಲ ನೊರೆ ಸಿಡಿದದ್ದು ಬೇರೆ ವಿಷಯ.

ಅಪ್ಪ ಹಾಸಿಗೆಯಿಂದಲೇ ಕೇಳಿದ. "ಕೊಕ್ಕರೆ ಎದ್ದಾಯ್ತಾ?"

"ಎದ್ದಾಯ್ತು."

"ಹಾಗಾದ್ರೆ ಕಾಫಿ ಇಡು. ಎರಡೂ ಕಾಲ ಮೇಲೆ ನಿಂತು ಇಡು. ಮೊನ್ನೆ ಹಾಲು ಉಕ್ಕಿಸಿದ್ದು ಸಾಕು."

ನಟನೆಯ ತರಬೇತಿಗೆ ಸೇರಿ ಏಳು ತಿಂಗಳು. ಬಸ್ಸಿನಲ್ಲಿ ಕಂಬಿ ಹಿಡಿಯೋದಿಲ್ಲ, ಮಂಡಿ ಸಡಿಲ ಬಿಟ್ಟು ನಿಲ್ಲುತ್ತೇನೆ. ಬಕೆಟ್ಟು ಎತ್ತೋದು ತೊಡೆಯಿಂದ, ಬೆನ್ನಿನಿಂದಲ್ಲ. ಈರುಳ್ಳಿ ಹೆಚ್ಚುವಾಗ ಭುಜ ಕಿವಿಗೆ ಹತ್ತಿದರೆ ಇಳಿಸುತ್ತೇನೆ. ಮೂವತ್ತೇಳು ವರ್ಷ ಈ ಮೈಯನ್ನ ಬಾಡಿಗೆಮನೆ ಹಾಗೆ ಬಳಸಿದ್ದೆ ಅನ್ನಿಸುತ್ತೆ. ಈಗ ಒಂದೊಂದೇ ಕೋಣೆ ದೀಪ ಹಾಕಿ ನೋಡುತ್ತಿದ್ದೇನೆ.

ಅಪ್ಪ ಇವತ್ತು ಹನ್ನೊಂದು ಹೆಜ್ಜೆ ನಡೆದ. ಕೋಲೂರಿಕೊಂಡು ಅಡುಗೆಮನೆ ಬಾಗಿಲು ಮುಟ್ಟಿದ. ಹೋದ ವಾರ ಒಂಬತ್ತಕ್ಕೇ ಬೀರು ಹಿಡಿದು ನಿಂತುಬಿಟ್ಟಿದ್ದ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಐದು ತಿಂಗಳಾಯ್ತು. ವ್ಯಾಯಾಮ ಮಾಡಿಸಲು ಬರುವ ಡಾಕ್ಟರಮ್ಮ ಪ್ರತಿ ಶನಿವಾರ ಒಂದೇ ಮಾತು ಹೇಳುತ್ತಾರೆ: ಮೂಳೆ ಕೂಡಿದೆ, ಬಾಕಿ ಇರೋದು ಧೈರ್ಯ, ಮಾರ್ಚ್ ಮುಗಿಯೋದರೊಳಗೆ ಸ್ವಂತ ಕಾಲಲ್ಲಿ ಗೇಟು ದಾಟಬೇಕು. ಈಗ ನಡೆಯದಿದ್ದರೆ ಕಾಲು ಸೊರಗಿಹೋಗುತ್ತೆ, ಆಮೇಲೆ ಕುರ್ಚಿಯೇ ಗತಿ.

ಹನ್ನೊಂದು. ಹಾಸಿಗೆಯಿಂದ ಗೇಟಿಗೆ ಎಷ್ಟಿದೆ? ಎಣಿಸಿದೆ. ನನ್ನ ಹೆಜ್ಜೆಯಲ್ಲಿ ಇಪ್ಪತ್ತಾರು.

ಫೆಬ್ರವರಿ 5

ಹದಿನಾಲ್ಕು ವರ್ಷದಿಂದ ಶೂ ಅಂಗಡಿಯಲ್ಲಿ ಗಿರಾಕಿಗಳ ಕಾಲ ಬುಡದಲ್ಲಿ ಸ್ಟೂಲು ಹಾಕಿ ಕೂತಿದ್ದೇನೆ. ಕಾಲು ನೋಡಿದ್ದೆ, ನಡಿಗೆ ನೋಡಿರಲಿಲ್ಲ. ಈಗ "ನಾಲ್ಕು ಹೆಜ್ಜೆ ಹಾಕಿ ನೋಡಿ" ಅಂದ ಕೂಡಲೇ ಮೈಯೆಲ್ಲ ಕಣ್ಣಾಗುತ್ತೆ. ಒಬ್ಬರು ಮೂಗು ಮುಂದಿಟ್ಟು ನಡೆಯುತ್ತಾರೆ. ಒಬ್ಬರಿಗೆ ಹೊಟ್ಟೆಯೇ ದಾರಿ ತೋರಿಸುತ್ತೆ. ಇವತ್ತು ಬಂದ ವಕೀಲರೊಬ್ಬರು ಎದೆ ಮುಂದೆ, ಕುತ್ತಿಗೆ ಹಿಂದೆ, ತಮ್ಮನ್ನು ತಾವೇ ಎಲ್ಲಿಗೋ ಎಳೆದುಕೊಂಡು ಹೋಗುತ್ತಿರುವ ಹಾಗೆ. ಅಷ್ಟು ಚೆಂದದ್ದನ್ನ ಬಿಡೋದು ಹೇಗೆ. ಹಿಂದೆಯೇ ನಾಲ್ಕು ಹೆಜ್ಜೆ ನಡೆದುಬಿಟ್ಟೆ.

ಅಂಗಡಿಯಲ್ಲಿ ಎಲ್ಲ ಕಡೆ ಕನ್ನಡಿ. ಮಾಲೀಕರು ನೋಡಿಬಿಟ್ಟರು.

"ಗಿರಾಕಿ ಹಿಂದೆ ನೀವ್ಯಾಕಮ್ಮ ಹಾಗೆ ನಡೀತಿದ್ರಿ?"

"ಸೋಲ್ ಎಲ್ಲಿ ಬಗ್ಗುತ್ತೆ ನೋಡ್ತಿದ್ದೆ ಸಾರ್."

"ಅದನ್ನ ನೋಡೋಕೆ ಎದೆ ಉಬ್ಬಿಸ್ಬೇಕಾ?"

ವಕೀಲರು ಎರಡು ಜೊತೆ ಕೊಂಡರು. ಇಲ್ಲದಿದ್ದರೆ ನನ್ನ ಗ್ರಹಚಾರ ಬಿಡಿಸುತ್ತಿದ್ದರು.

ಫೆಬ್ರವರಿ 9, ಭಾನುವಾರ

ಪಾತ್ರ ಹಂಚಿದರು.

ನಾವು ಅಭ್ಯಾಸ ಮಾಡೋದು ಟೈರ್ ಗೋದಾಮಿನ ಮೇಲಿನ ಹಾಲ್‌ನಲ್ಲಿ. ಹದಿನೆಂಟು ಮೆಟ್ಟಿಲು, ಹಲಗೆಯ ನೆಲ, ಎಷ್ಟು ಒರೆಸಿದರೂ ರಬ್ಬರಿನ ವಾಸನೆ. ನಾವು ಹನ್ನೆರಡು ಜನ ಅಲ್ಲಿ ನಡೆಯುತ್ತೇವೆ, ಬೀಳುತ್ತೇವೆ, ಏಳುತ್ತೇವೆ. ಕಲಿಸುವ ಮೇಡಂ ಕೈಲಿ ಒಂದು ಡೋಲು. ಅವರಿಗೆ ಐವತ್ತೈದು, ನಮ್ಮೆಲ್ಲರಿಗಿಂತ ಮೆತ್ತಗೆ ಬೀಳುತ್ತಾರೆ.

ನಾಟಕಕ್ಕೆ ಮಾತಿಲ್ಲ. ಒಬ್ಬ ಮುದುಕ ಮನೆಯಿಂದ ಹೊರಟು ರಸ್ತೆ ಕೊನೆಯ ಅಂಚೆ ಡಬ್ಬಿಗೆ ಒಂದು ಕಾಗದ ಹಾಕಿ ಬರಬೇಕು. ಅಷ್ಟೇ ಕಥೆ. ನಲವತ್ತು ನಿಮಿಷ. ಮಿಕ್ಕವರೆಲ್ಲ ರಸ್ತೆ, ಗಾಳಿ, ಸೈಕಲ್ಲು, ಜನ. ಉದ್ದಣ್ಣ ದೀಪದ ಕಂಬ ಮತ್ತು ನಾಯಿ. (ನಮ್ಮ ಗುಂಪಿನಲ್ಲಿ ಆರಡಿ ನಾಲ್ಕಂಗುಲದವನು. ಅವನಿಗೆ ಹೆಸರಿದೆ, ಯಾರೂ ಬಳಸೋದಿಲ್ಲ.)

ಮುದುಕ ನಾನು.

"ನಾನಾ ಮೇಡಂ? ಗಂಡಸರು ಇದ್ದಾರಲ್ಲ."

"ಅವರು ಮೀಸೆ ತಿರುವಿಕೊಂಡು ಕೂತುಬಿಡ್ತಾರೆ. ನೀನು ನೋಡ್ತೀಯ, ಅದಕ್ಕೆ ನೀನು."

ಪ್ರದರ್ಶನ ಮಾರ್ಚ್ 30, ಭಾನುವಾರ ಮಧ್ಯಾಹ್ನ. ಮನೆಗೆ ಬಂದು ಅಪ್ಪನಿಗೆ ಹೇಳಿದೆ, ಹೀರೋ ಪಾತ್ರ ಅಂತ. ಯಾರ ಪಾತ್ರ ಅಂತ ಹೇಳಲಿಲ್ಲ. ಯಾಕೋ.

ಫೆಬ್ರವರಿ 13

ಮಾನ ಹೋಯ್ತು.

ಬೆನ್ನು ಬಗ್ಗಿಸಿದೆ, ಕೈ ನಡುಗಿಸಿದೆ, ಕೆಮ್ಮಿದೆ. ಹಾಲಿನ ಆ ತುದಿ ಮುಟ್ಟುವಷ್ಟರಲ್ಲಿ ಉದ್ದಣ್ಣ ನಾಯಿಯಾಗಿದ್ದೂ ನಗುತ್ತಿದ್ದ.

ಮೇಡಂ ಡೋಲು ನಿಲ್ಲಿಸಿದರು. "ಇದು ಬೆನ್ನುನೋವಿನ ಮುಲಾಮಿನ ಜಾಹೀರಾತು. ನನಗೆ ಮುದುಕ ಅನ್ನೋದು ಬೇಡ. ಒಬ್ಬ ಮುದುಕ ಬೇಕು. ಹುಡುಕಿ ತಾ."

ಎಲ್ಲಿಂದ ತರಲಿ?

ಫೆಬ್ರವರಿ 14. ಬೆಳಿಗ್ಗೆ

ಕಣ್ಣೆದುರೇ ಇದೆ. ಐದು ತಿಂಗಳಿಂದ ದಿನಾ ನೋಡುತ್ತಿದ್ದೇನೆ. ಹೆಜ್ಜೆ ಎಣಿಸುತ್ತಿದ್ದೆನೇ ಹೊರತು ನೋಡಿರಲಿಲ್ಲ.

ಬರೆದಿಡುತ್ತೇನೆ, ಮರೆಯಬಾರದು.

ಎಡ ಪಾದ ಮೊದಲು ನೆಲ ಮುಟ್ಟಿ ಕೇಳುತ್ತೆ, ಭಾರ ಹಾಕಲಾ ಅಂತ. ನೆಲ ಹೂಂ ಅಂದಮೇಲೇ ಇಳಿಯುತ್ತೆ. ಅದಕ್ಕೆ ಮುಂಚೆ ಉಸಿರು ಹಿಡಿಯುತ್ತಾನೆ, ಗದ್ದ ಸ್ವಲ್ಪ ಮೇಲೆ. ಬಲಗೈಯಲ್ಲಿ ಕೋಲು. ಎಡಗೈ ಹೆಬ್ಬೆರಳು ಪ್ಯಾಂಟಿನ ಪಕ್ಕದ ಹೊಲಿಗೆ ಹುಡುಕುತ್ತೆ, ಸಿಕ್ಕಿದರೆ ಅದರ ಮೇಲೇ ಓಡಾಡುತ್ತೆ. ನಲವತ್ತು ವರ್ಷ ಟೈಲರ್ ಆಗಿದ್ದವನ ಬೆರಳಲ್ಲವೇ. ಮೂರು ಹೆಜ್ಜೆಗೊಮ್ಮೆ ನಿಲ್ಲುತ್ತಾನೆ. ಸುಸ್ತಾಗಿ ನಿಂತದ್ದು ಅಂತ ಯಾರಿಗೂ ತಿಳಿಯಬಾರದು, ಅದಕ್ಕೆ ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ. ಕ್ಯಾಲೆಂಡರ್ ಹೋದ ವರ್ಷದ್ದು.

ಎಷ್ಟು ಚೆಂದ. ದೇವರೇ, ಎಷ್ಟು ಚೆಂದ ಇದೆ.

ಫೆಬ್ರವರಿ 18

ಮಾಡಿದೆ.

ಹಾಲಿನ ಈ ತುದಿಯಿಂದ ಆ ತುದಿಗೆ ಎಂಟು ನಿಮಿಷ. ಅರ್ಧಕ್ಕೆ ಬರುವಾಗ ಡೋಲು ನಿಂತದ್ದು ನನಗೆ ಗೊತ್ತೇ ಆಗಲಿಲ್ಲ. ಯಾರೂ ಕೆಮ್ಮಲಿಲ್ಲ. ಕೆಳಗೆ ಟೈರ್ ಉರುಳಿಸುವ ಸದ್ದು ಮಾತ್ರ. ಉದ್ದಣ್ಣನ ಕಣ್ಣು ತುಂಬಿತ್ತು. ಧೂಳು ಅಂದ.

ಮೇಡಂ ಹತ್ತಿರ ಬಂದು, "ಯಾರಿದು?" ಅಂದರು.

ನಕ್ಕು ಚೀಲ ಎತ್ತಿಕೊಂಡೆ. ಬಸ್ಸಿನಲ್ಲಿ ಮನೆವರೆಗೂ ಒಬ್ಬಳೇ ನಗುತ್ತಾ ಬಂದೆ. ಪಕ್ಕದ ಸೀಟಿನ ಹೆಂಗಸು ಎದ್ದು ಬೇರೆ ಕಡೆ ಕೂತರು. ಕೂರಲಿ.

ಫೆಬ್ರವರಿ 19. ಸಂಜೆ 5

ಬರೆಯೋಕೆ ಮನಸ್ಸಿಲ್ಲ. ಬರೆಯದಿದ್ದರೆ ತಲೆಯಲ್ಲೇ ಕೊರೆಯುತ್ತೆ.

ಅಂಗಡಿಗೆ ರಜ. ಮಧ್ಯಾಹ್ನ ಅಪ್ಪ ಮಲಗಿದ್ದ. ಅವನ ಪ್ಯಾಂಟು ಹಾಕಿಕೊಂಡೆ. ಹಾಸಿಗೆ ಪಕ್ಕದಿಂದ ಕೋಲೂ ತಂದೆ. ನಡುಮನೆಯ ಬೀರುವಿನ ಕನ್ನಡಿ ಎದುರು ಶುರುಮಾಡಿದೆ. ಹೆಬ್ಬೆರಳಿನದ್ದು ಸಿಗುತ್ತಿರಲಿಲ್ಲ. ಹತ್ತು ಸಲ, ಇಪ್ಪತ್ತು ಸಲ. ಆಮೇಲೆ ತಟ್ಟನೆ ಸಿಕ್ಕಿತು. ಸಿಕ್ಕಿದ ಖುಷಿಗೆ ಕನ್ನಡಿ ನೋಡಿ ಹಲ್ಲು ಕಿರಿದೆ.

ಕನ್ನಡಿಯಲ್ಲಿ ಅಪ್ಪ ನಿಂತಿದ್ದ. ಗೋಡೆ ಹಿಡಿದುಕೊಂಡು, ಕೋಣೆಯ ಬಾಗಿಲಲ್ಲಿ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಕೋಲು ಬೇಕಿತ್ತು" ಅಂದ.

ಕೊಟ್ಟೆ. ತಗೊಂಡು ತಿರುಗಿ ಹೋಗಿ ಮಲಗಿದ.

ಫೆಬ್ರವರಿ 25

ಆರು ದಿನ. ಅಪ್ಪ ನಡೆದಿಲ್ಲ.

ಕಾಲು ನೋವು ಅಂತಾನೆ. ಡಾಕ್ಟರಮ್ಮ ಬಂದಾಗಲೂ ಅದೇ. ಅವರು ಮಂಡಿ ಒತ್ತಿ, ಪಾದ ತಿರುಗಿಸಿ ನೋಡಿ, ಹೊರಗೆ ಕರೆದು ಕೇಳಿದರು. "ಕಾಲಲ್ಲಿ ಏನೂ ಇಲ್ಲಮ್ಮ. ಮನೇಲಿ ಏನಾದ್ರೂ ಆಯ್ತಾ?"

ಏನೂ ಇಲ್ಲ ಅಂದೆ. ಸುಳ್ಳು ಹೇಳುವಾಗ ಭುಜ ಮೇಲೇರುತ್ತೆ ಅಂತ ಮೇಡಂ ಹೇಳಿಕೊಟ್ಟಿದ್ದಾರೆ. ನನ್ನದು ಏರಿತ್ತು.

ಕೊಕ್ಕರೆ ಎದ್ದಾಯ್ತಾ ಅಂತ ಕೇಳೋದಿಲ್ಲ ಈಗ. ಎರಡೂ ಕಾಲ ಮೇಲೆ ನಿಂತು ಹಲ್ಲುಜ್ಜುತ್ತಿದ್ದೇನೆ.

ಅದೇ ದಿನ, ಸಂಜೆ

ಅಕ್ಕನ ಫೋನು. ಅಪ್ಪ ಅವಳಿಗೆ ಹೇಳಿದ್ದಾನೆ.

"ನೀನೇನು ಮಾಡ್ದೆ ಅಪ್ಪನಿಗೆ? ನಾನು ನಡೆಯೋದು ನೋಡಿ ಮಗಳಿಗೆ ನಗು ಬರುತ್ತೆ, ಇನ್ಯಾಕೆ ನಡೀಲಿ ಅಂತಿದ್ದಾರೆ."

ನಕ್ಕದ್ದು ಅವನನ್ನ ನೋಡಿ ಅಲ್ಲ ಅಂದೆ. ಮತ್ತೆ ಯಾರನ್ನ ನೋಡಿ ಅಂದಳು. ನನ್ನನ್ನೇ ನೋಡಿ ಅಂದೆ. ನಿನ್ನ ನಾಟಕಕ್ಕಿಷ್ಟು ಅಂದಳು.

ಅವಳ ತಪ್ಪಿಲ್ಲ. ಹನ್ನೊಂದು ಹೆಜ್ಜೆ ಸಂಪಾದಿಸಲು ಐದು ತಿಂಗಳು ಹಿಡಿದಿತ್ತು ಅಪ್ಪನಿಗೆ. ಒಂದು ಮಧ್ಯಾಹ್ನದಲ್ಲಿ ಕಿತ್ತುಕೊಂಡೆ. ಕೋಲಿನ ಸಮೇತ.

ಫೆಬ್ರವರಿ 27

ಪಾತ್ರ ಬಿಡುತ್ತೇನೆ ಅಂತ ಮೇಡಂಗೆ ಹೇಳಿದೆ. ಯಾಕೆ ಅಂದರು. ಎಲ್ಲ ಹೇಳಿದೆ, ಮೂಗು ಒರೆಸಿಕೊಳ್ಳುತ್ತಾ. ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಅಂಥವರಲ್ಲ.

"ನೀನು ಪಾತ್ರ ಬಿಟ್ಟರೆ ಅವರು ನಡೀತಾರಾ?"

"ಇಲ್ಲ."

"ಮತ್ತೆ? ಕೇಳದೆ ತಗೊಂಡಿದೀಯ. ಹೋಗಿ ಕೇಳು. ಬೇಡ ಅಂದ್ರೆ ನಾನೇ ನಿನಗೆ ಬೇರೆ ನಡಿಗೆ ಹುಡುಕ್ತೀನಿ. ಆದ್ರೆ ಕೇಳುವಾಗ ನೆಲ ನೋಡ್ಬೇಡ. ಮುಖ ನೋಡಿ ಕೇಳು."

ಫೆಬ್ರವರಿ 28. ಬೆಳಿಗ್ಗೆ 9. ಅಂಗಡಿಗೆ ತಡವಾದರೆ ಆಗಲಿ

ಕೇಳಿದೆ.

ಕಾಫಿ ಕೊಟ್ಟು ಹಾಸಿಗೆ ಎದುರು ಸ್ಟೂಲು ಹಾಕಿ ಕೂತೆ. ಅಂಗಡಿಯಲ್ಲಿ ಕೂರುವ ಹಾಗೇ, ಅವನ ಕಾಲ ಹತ್ತಿರ.

"ಅಪ್ಪ, ಆ ಹೀರೋ ಪಾತ್ರ ಅಂದಿದ್ನಲ್ಲ, ಅದು ಒಬ್ಬ ಮುದುಕನದ್ದು. ನಿನ್ನ ನಡಿಗೆ ಕದ್ದೆ. ಕೇಳ್ಬೇಕಿತ್ತು, ಕೇಳಲಿಲ್ಲ. ತಪ್ಪಾಯ್ತು."

ಅಪ್ಪ ಹೊದಿಕೆಯ ಅಂಚು ಸರಿಮಾಡಿದ.

"ಅವತ್ತು ನಕ್ಕಿದ್ದು ಕೊನೆಗೂ ಸಿಕ್ತಲ್ಲ ಅಂತ. ನಿನ್ನ ನೋಡಿ ಅಲ್ಲ."

"ನನ್ನ ನಡಿಗೆಯಲ್ಲಿ ಏನಿದೆ ಸಿಗೋಕೆ?"

"ಪ್ರತಿ ಹೆಜ್ಜೆಗೂ ನಿನಗೆ ಭಯ ಆಗುತ್ತೆ. ಆದ್ರೂ ಇಡ್ತೀಯ. ಅಲ್ಲಿ ಹನ್ನೆರಡು ಜನ ಇದೀವಿ, ಒಬ್ಬರಿಗೂ ಅದು ಬರಲ್ಲ. ನನಗೂ ಪೂರ್ತಿ ಬಂದಿಲ್ಲ."

ಅಪ್ಪ ಕಾಫಿ ಕುಡಿದ. ಲೋಟದ ತಳ ನೋಡಿದ. ಹೋದ ವರ್ಷದ ಕ್ಯಾಲೆಂಡರ್ ನೋಡಿದ. ಆಮೇಲೆ ಅಂದ, "ಮಾಡು, ನೋಡೋಣ."

ಮಾಡಿದೆ, ಕಿಟಕಿಯಿಂದ ಬಾಗಿಲವರೆಗೆ. ತಿರುಗಿ ನೋಡಿದರೆ ಅಪ್ಪನ ತಲೆ ಒಂದು ಕಡೆ ವಾಲಿದೆ, ಕಣ್ಣು ಕಿರಿದಾಗಿದೆ. ಆ ಮುಖ ನನಗೆ ಗೊತ್ತು. ಟ್ರಯಲ್‌ಗೆ ಬಂದ ಗಿರಾಕಿಯನ್ನ ಹಾಗೇ ನೋಡುತ್ತಿದ್ದ.

"ಎಡಭುಜ" ಅಂದ.

"ಏನು?"

"ಕಾಲಿಂಚು ಕೆಳಗೆ ಬರಬೇಕು. ಮೆಷಿನ್ ಮೇಲೆ ಬಗ್ಗಿ ಬಗ್ಗಿ ನಂದು ಹಾಗಾಗಿದೆ. ನನ್ನ ಎಲ್ಲ ಕೋಟಿಗೂ ಆ ಕಡೆ ಪ್ಯಾಡ್ ಇಟ್ಟಿದೀನಿ, ಅದಕ್ಕೆ ಯಾರಿಗೂ ಗೊತ್ತಿಲ್ಲ."

ಇಳಿಸಿದೆ.

"ಅಷ್ಟಲ್ಲ. ಕಾಲಿಂಚು ಅಂದೆ. ನೀನು ಅಂಗಡಿ ಶಟರ್ ಎಳೆದ ಹಾಗೆ ಎಳೀತಿದೀಯ. ಮತ್ತೆ ಆ ಹೆಬ್ಬೆರಳು ಹಾಗೆ ಉಜ್ಜಲ್ಲ. ಹೊಲಿಗೆ ಬಿಟ್ಟಿದೆಯಾ ಅಂತ ನೋಡುತ್ತೆ, ಅಷ್ಟೇ. ಏ... ನಿನಗೆ ಗೊತ್ತಾಗಲ್ಲ. ಕೋಲು ಕೊಡು ಇಲ್ಲಿ."

ಎದ್ದ. ಒಂಬತ್ತು ದಿನ ಕೂತ ಕಾಲು, ಮಂಡಿ ಕಂಪಿಸುತ್ತಿತ್ತು. ಹಿಡಿಯಲು ಹೋದೆ, ಕೈ ತಳ್ಳಿದ. ನಾಲ್ಕು ಹೆಜ್ಜೆ ನಡೆದು ತೋರಿಸಿದ. ತಿರುಗಿ ನಿಂತು, "ಈಗ ನೀನು."

ನಾನು ಮಾಡಿದೆ.

"ಹ್ಞೂಂ" ಅಂದ ಅಪ್ಪ.

ಅದು ಅವನ ಹಳೇ ಸದ್ದು. ಗಿರಾಕಿಯ ಮೈಮೇಲೆ ಕೋಟು ಸರಿಯಾಗಿ ಕೂತಾಗ ಮಾತ್ರ ಬರುತ್ತಿತ್ತು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು. ಅಮ್ಮ ಹೋದಮೇಲೆ ಅಂಗಡಿ ಮುಚ್ಚಿದ, ಆಮೇಲೆ ಈ ಸದ್ದು ಕೇಳಿಯೇ ಇರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಒಂಟಿ ಕಾಲಲ್ಲಿ.

ಮಾರ್ಚ್ 4

ಮನೆಯಲ್ಲಿ ಇಬ್ಬರು ಡೈರೆಕ್ಟರುಗಳು ಇರಬಾರದು. ಇರೋದು ಒಬ್ಬನೇ, ಆದರೆ ಇಬ್ಬರಷ್ಟು ಬೈಯುತ್ತಾನೆ.

ಬೆಳಿಗ್ಗೆ ಐದೂವರೆಗೆ, "ಪುಟ್ಟಿ, ಏಳು. ನಿನ್ನೆ ತಿರುಗೋದು ತಪ್ಪಿತ್ತು." ತಿರುಗಿ ತೋರಿಸುತ್ತಾನೆ. ನಾನು ತಪ್ಪು ಮಾಡುತ್ತೇನೆ. ಮತ್ತೆ ತೋರಿಸುತ್ತಾನೆ. ಎರಡನೇ ಸಲದಿಂದ ಬೇಕೆಂದೇ ತಪ್ಪು ಮಾಡುತ್ತಿದ್ದೇನೆ ಅಂತ ಅವನಿಗೆ ಅನುಮಾನ.

ಹದಿಮೂರು ಹೆಜ್ಜೆ. ನಾನು ಎಣಿಸೋದು, ಅವನಿಗೆ ಗೊತ್ತಿಲ್ಲ.

ಮಾರ್ಚ್ 8

ತರಬೇತಿಯ ಅಭ್ಯಾಸವೊಂದನ್ನ ಮನೆಗೆ ತಂದೆ. ಒಂದು ಕೋಲು, ಇಬ್ಬರು. ಕೋಲಿನ ಒಂದು ತುದಿಗೆ ನನ್ನ ತೋರುಬೆರಳು, ಇನ್ನೊಂದು ತುದಿಗೆ ಎದುರಿನವನದ್ದು. ಹಿಡಿಯೋ ಹಾಗಿಲ್ಲ, ಒತ್ತಿ ನಿಲ್ಲಿಸಬೇಕು ಅಷ್ಟೇ. ಹೆಚ್ಚು ಒತ್ತಿದರೆ ಎದುರಿನವನ ಬೆರಳು ನೋವು, ಕಡಿಮೆಯಾದರೆ ಕೋಲು ಕೆಳಗೆ. ಹಾಗೇ ಇಬ್ಬರೂ ನಡೆಯಬೇಕು. ಉದ್ದಣ್ಣನ ಜೊತೆ ಮಾಡುವಾಗ ನನ್ನ ಕೈ ಆಕಾಶದಲ್ಲಿರುತ್ತೆ.

ಅಪ್ಪ ಕೋಲು ನೋಡಿದ, ನನ್ನ ನೋಡಿದ. "ಇದು ನೆಲಕ್ಕೂರೋಕೆ ಅಂತ ತಂದಿದ್ದಲ್ವಾ?"

"ಐದು ನಿಮಿಷಕ್ಕೆ ಕೊಡು."

"ನಾನು ಬಿದ್ರೆ?"

"ಕೋಲು ಮೊದಲು ಬೀಳುತ್ತೆ. ಅದು ಬಿದ್ದ ಕೂಡಲೇ ನಿನ್ನ ಹಿಡ್ಕೋತೀನಿ."

ಮೊದಲ ಸಲ ಕೋಲು ಬಿತ್ತು. ಎರಡನೇ ಸಲ ಬಿತ್ತು. ಮೂರನೇ ಸಲ ಬೀಳಲಿಲ್ಲ. ಅಪ್ಪನ ಕಣ್ಣು ಕೋಲಿನ ಮೇಲೆ, ನನ್ನ ಕಣ್ಣು ಅಪ್ಪನ ಮೇಲೆ. ನಾನು ಹಿಂದೆ ಹಿಂದೆ, ಅವನು ಮುಂದೆ ಮುಂದೆ. ಬೀರು ದಾಟಿದೆವು. ಅಡುಗೆಮನೆ ಬಾಗಿಲು ದಾಟಿ ಒಲೆ ಹತ್ತಿರ ಬಂದಮೇಲೆ ನನ್ನ ಬೆನ್ನಿಗೆ ಸಿಂಕು ತಾಗಿ ನಿಂತೆವು.

"ಕೋಲು ನೆಲ ಮುಟ್ಟಿಲ್ಲ" ಅಂದೆ.

ಅಪ್ಪ ಕೆಳಗೆ ನೋಡಿದ. ತನ್ನ ಕಾಲನ್ನೇ, ಬೇರೆ ಯಾರದ್ದೋ ಅನ್ನುವ ಹಾಗೆ. "ಬೆರಳು ನೋಯ್ತಿದೆ, ಅಷ್ಟು ಒತ್ತಬಾರದು ಕಣೇ" ಅಂದ. ಮುಖ ಮಾತ್ರ ಅರಳಿತ್ತು.

ಹದಿನೇಳು.

ಮಾರ್ಚ್ 13

ಬೀಳೋದು ತೋರಿಸು ಅಂದ. ಹಾಸಿಗೆ ನೆಲಕ್ಕೆ ಹಾಕಿ ಬಿದ್ದೆ. ಉಸಿರು ಬಿಟ್ಟು, ಮಂಡಿ ಸಡಿಲಿಸಿ, ತೊಡೆ, ಸೊಂಟದ ಪಕ್ಕ, ಭುಜ. ಸದ್ದಿಲ್ಲ. ಇನ್ನೊಂದು ಸಲ ಅಂದ. ಬಿದ್ದೆ. ಹಿಂದಕ್ಕೆ ಬೀಳು ಅಂದ. ಬಿದ್ದೆ. ಹದಿನಾಲ್ಕು ಸಲ ಬೀಳಿಸಿದ, ಸಿನಿಮಾ ನೋಡಿದ ಹಾಗೆ ಕೂತು ನೋಡಿದ.

"ನಾನು ಬಿದ್ದಾಗ ಉಸಿರು ಹಿಡ್ಕೊಂಡಿದ್ದೆ" ಅಂದ.

"ಎಲ್ರೂ ಹಿಡ್ಕೋತಾರೆ ಅಪ್ಪ."

"ಆವತ್ತಿಂದ ಬಿಟ್ಟೇ ಇಲ್ಲ ಅನ್ನಿಸುತ್ತೆ."

ಅವನ ಪಕ್ಕ ಕೂತು ಉಸಿರು ಬಿಡೋದು ಹೇಳಿಕೊಟ್ಟೆ. ಹೊಟ್ಟೆಯಿಂದ, ಸದ್ದು ಮಾಡಿ. ಇಬ್ಬರೂ ಪ್ರೆಶರ್ ಕುಕ್ಕರಿನ ಹಾಗೆ ಸುಯ್‌ಗುಟ್ಟುತ್ತಾ ಕೂತೆವು. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮಾರ್ಚ್ 16, ಭಾನುವಾರ

ಶುಕ್ರವಾರವೇ ಮೂಲೆಯಲ್ಲಿದ್ದ ಹೊಲಿಗೆ ಮೆಷಿನ್ನಿನ ಮೇಲಿನ ಹೊದಿಕೆ ತೆಗೆಸಿದ. ಎಣ್ಣೆ ಬಿಡಿಸಿದ. ಕಾಲಲ್ಲಿ ತುಳಿಯುವ ಮೆಷಿನ್ನು. ಮುದುಕನ ಕೋಟು ಹೊಲಿಯುತ್ತಾನಂತೆ.

ನಾವು ಬಾಡಿಗೆಗೆ ತರುತ್ತೇವೆ ಅಂದೆ. "ಬಾಡಿಗೆ ಕೋಟು ಬಾಡಿಗೆ ಮುದುಕನಿಗೆ" ಅಂದ. ಅಳತೆ ಟೇಪು ಕೊರಳಿಗೆ ಹಾಕಿಕೊಂಡ ಕೂಡಲೇ ಹತ್ತು ವರ್ಷ ಇಳಿದುಹೋಯಿತು. ನನ್ನ ಅಳತೆ ತಗೊಂಡ. ಆಮೇಲೆ ತನ್ನದೂ ನನ್ನಿಂದಲೇ ತೆಗೆಸಿದ. ಎರಡನ್ನೂ ಚೀಟಿಯಲ್ಲಿ ಬರೆದು ಸುಮಾರು ಹೊತ್ತು ನೋಡುತ್ತಾ ಕೂತ.

"ನಲವತ್ತು ವರ್ಷ ಜನರ ಸೊಟ್ಟ ಮುಚ್ಚಿದೀನಿ ಪುಟ್ಟಿ. ಗೂನು ಬೆನ್ನು, ಏರುಪೇರು ಭುಜ, ಎಲ್ಲ. ತೋರಿಸೋಕೆ ಅಂತ ಹೊಲೀತಿರೋದು ಇದೇ ಮೊದಲು."

ಎಡಗಡೆ ಭುಜ ಕಾಲಿಂಚು ಇಳಿಸಿ, ಆ ಕಡೆಯ ಜೇಬಿನಲ್ಲಿ ಎರಡು ಕಬ್ಬಿಣದ ವಾಷರ್ ಹೊಲಿದಿದ್ದಾನೆ. ಕಚ್ಚಾ ಹೊಲಿಗೆಯಲ್ಲಿ ಹಾಕಿಕೊಂಡು ನೋಡಿದೆ. ನಾನು ಏನೂ ಮಾಡಬೇಕಿಲ್ಲ. ಕೋಟೇ ನನ್ನನ್ನ ಅಪ್ಪ ಮಾಡುತ್ತೆ. ವಾಸನೆ ಕೂಡ, ಎಣ್ಣೆ, ಇಸ್ತ್ರಿ, ಸೀಮೆಸುಣ್ಣ.

ಮೆಷಿನ್ ತುಳಿಯೋದು ನೋಡಿ ನಿನ್ನೆ ಡಾಕ್ಟರಮ್ಮ ಅಂದರಂತೆ, ನಾನು ಹೇಳಿಕೊಟ್ಟ ವ್ಯಾಯಾಮಕ್ಕಿಂತ ಇದು ಮೇಲು.

ಮಾರ್ಚ್ 23

ಉದ್ದಣ್ಣ ಮನೆಗೆ ಬಂದಿದ್ದ. ಅಪ್ಪ ಅವನನ್ನ ಮೇಲಿಂದ ಕೆಳಗೆ ನೋಡಿ, "ನಿಮ್ಮ ಪ್ಯಾಂಟು ಯಾರು ಹೊಲಿದಿದ್ದು? ಅವರ ಮೇಲೆ ಕೇಸು ಹಾಕಬಹುದು" ಅಂದ. ಆಮೇಲೆ ಇಬ್ಬರೂ ಜೀವದ ಗೆಳೆಯರು. ಕೋಲಿನ ಆಟ ಆಡಿದರು, ಅಂಗಳದ ತನಕ. ಇಪ್ಪತ್ತೊಂದು.

ಮೆಟ್ಟಿಲಿನ ಮಾತು ಬಂತು. ಹಾಲಿಗೆ ಹದಿನೆಂಟು ಮೆಟ್ಟಿಲು, ಲಿಫ್ಟಿಲ್ಲ.

"ಕುರ್ಚಿಯಲ್ಲಿ ಕೂರಿಸಿ ನಾವು ನಾಲ್ಕು ಜನ ಎತ್ಕೊಂಡು ಹೋಗ್ತೀವಿ ಅಂಕಲ್."

"ನನ್ನ ನಾಲ್ಕು ಜನ ಎತ್ತೋ ದಿನ ಬಂದೇ ಬರುತ್ತೆ. ಅವಸರ ಬೇಡ."

ಹತ್ತಿದರೆ ನಡೆದೇ ಹತ್ತುವುದು, ಇಲ್ಲದಿದ್ದರೆ ಬರೋದೇ ಇಲ್ಲ. ಹಟ. ನನಗೆ ಎಲ್ಲಿಂದ ಬಂತು ಅಂತ ಅಕ್ಕ ಕೇಳುತ್ತಿರುತ್ತಾಳೆ.

ಮಾರ್ಚ್ 30, ಭಾನುವಾರ. ಮಧ್ಯಾಹ್ನ 3:35. ಪರದೆ ಹಿಂದೆ

ನಾಲ್ಕಕ್ಕೆ ಶುರು. ಕೋಟು ಹಾಕಿ ಆಯ್ತು. ಕಾಗದ ಜೇಬಿನಲ್ಲಿದೆ. ಬರೆಯುತ್ತಾ ಇದ್ದರೆ ಹೊತ್ತು ಹೋಗುತ್ತೆ.

ಅಕ್ಕ ಅಪ್ಪನನ್ನ ಕಾರಿನಲ್ಲಿ ಕರೆದುಕೊಂಡು ಬಂದಳು. ಮನೆ ಮೆಟ್ಟಿಲ ತನಕ ಕಾರು ತಂದು ಹತ್ತಿಸಿಕೊಂಡಳಂತೆ. ಹಾಗಾಗಿ ಗೇಟು ದಾಟಿದ್ದು ಲೆಕ್ಕಕ್ಕಿಲ್ಲ.

ಉದ್ದಣ್ಣ ಕಂಬದ ವೇಷದಲ್ಲಿ ಓಡಿ ಬಂದ. ಅಂಕಲ್ ಮೆಟ್ಟಿಲು ಹತ್ತುತ್ತಿದ್ದಾರೆ ಅಂದ. ಆರು.

ಒಂಬತ್ತು.

ಹನ್ನೊಂದಕ್ಕೆ ನಿಂತಿದ್ದಾರೆ. ಅಲ್ಲಿ ಗೋಡೆ ಮೇಲೆ ಟೈರ್ ಪಟ್ಟಿ ಅಂಟಿಸಿದ್ದಾರಲ್ಲ, ಅದನ್ನ ಓದುತ್ತಿದ್ದಾರಂತೆ.

ಇನ್ನೂ ಓದುತ್ತಿದ್ದಾರೆ.

3:50. ಮೇಡಂ ನೋಡಿದರು. ಕಾಯೋಣ ಅಂತ ಕೈಸನ್ನೆ.

ಹದಿನಾಲ್ಕು. ಸುಯ್ ಅಂತ ಉಸಿರು ಬಿಡುತ್ತಿದ್ದಾರೆ, ಕೆಳಗಿನವರೆಗೂ ಕೇಳಿಸುತ್ತಿದೆ, ಅಂದ ಉದ್ದಣ್ಣ.

ಹದಿನೇಳು.

ಚಪ್ಪಾಳೆ ಕೇಳಿಸಿತು. ನಾಟಕ ಇನ್ನೂ ಶುರುವೇ ಆಗಿಲ್ಲ.

ಮಾರ್ಚ್ 31, ಸೋಮವಾರ. ಬೆಳಿಗ್ಗೆ 7. ಹೊರಗಿನ ಮೆಟ್ಟಿಲ ಮೇಲೆ ಕೂತು

ನಿನ್ನೆ ಬರೆಯಲಿಲ್ಲ, ಮೈ ತುಂಬಾ ಮಾತಿತ್ತು.

ಮೊದಲ ಅರ್ಧ ಹೇಗೆ ಹೋಯ್ತು ನೆನಪಿಲ್ಲ. ಸೈಕಲ್ಲು ಹಾದು ಹೋಯ್ತು, ಗಾಳಿ ಬೀಸಿತು, ನಾಯಿ ಹಿಂದೆ ಬಂತು. ರಸ್ತೆ ಮಧ್ಯ ಬಂದೆ. ಅಲ್ಲಿ ಮುದುಕ ನಿಲ್ಲಬೇಕು. ನಿಂತೆ. ಮುಂದಿನ ಹೆಜ್ಜೆ ಬರಲಿಲ್ಲ. ಮರೆತದ್ದಲ್ಲ, ಭಯ. ಅಭ್ಯಾಸದ ಭಯವಲ್ಲ, ನಿಜವಾದದ್ದು. ನೂರಿಪ್ಪತ್ತು ಜನ ನೋಡುತ್ತಿದ್ದಾರೆ, ಅಪ್ಪನನ್ನ ಎಲ್ಲರೆದುರು ತಂದು ನಿಲ್ಲಿಸಿಬಿಟ್ಟಿದ್ದೇನೆ, ಯಾರಾದರೂ ನಕ್ಕರೆ?

ಎಡಗೈ ಹೆಬ್ಬೆರಳು ತಾನಾಗಿ ಹೋಗಿ ಹೊಲಿಗೆ ಹುಡುಕಿತು. ಸಿಕ್ಕಿತು.

ಮೂರನೇ ಸಾಲಿನಿಂದ ಸಣ್ಣಗೆ ಕೇಳಿಸಿತು. "ಹ್ಞೂಂ."

ಎಡ ಪಾದ ನೆಲವನ್ನ ಕೇಳಿತು. ಇಳಿಯಿತು. ನಡೆದೆ. ಕಾಗದ ಡಬ್ಬಿಗೆ ಬಿತ್ತು.

ಜನ ಎದ್ದು ನಿಂತರು ಅನ್ನೋದನ್ನ ಇನ್ನೊಂದು ದಿನ ಬರೆಯುತ್ತೇನೆ, ಜಂಭ ಕಡಿಮೆಯಾದ ಮೇಲೆ. ಅಂಗಡಿ ಮಾಲೀಕರೂ ಬಂದಿದ್ದರು. "ಗಿರಾಕಿ ಹಿಂದೆ ನಡೀಬಹುದು ಇನ್ಮೇಲೆ, ಕನ್ನಡಿ ಇಲ್ಲದ ಕಡೆ" ಅಂದರು. ಮೇಡಂ ಅಪ್ಪನ ಹತ್ತಿರ ಹೋಗಿ ಕೈ ಹಿಡಿದರು. "ನೀವಾ" ಅಂದರು, ಅಷ್ಟೇ.

ಅಪ್ಪನ ಮಾತು ಬಂದದ್ದು ಇವತ್ತು ಕಾಫಿ ಕುಡಿಯುವಾಗ.

"ಕೋಟು ಚೆನ್ನಾಗಿ ಕೂತಿತ್ತು."

"ನಾನು?"

"ಚೆನ್ನಾಗಿ ಮಾಡ್ದೆ. ಆದ್ರೆ ಒಂದು ಮಾತು. ಅದು ಹಳೇ ನಡಿಗೆ. ಫೆಬ್ರವರಿದು."

"ಅಂದ್ರೆ?"

"ನಾನೀಗ ಹಾಗೆ ನಡೆಯಲ್ಲ. ಮುಂದಿನ ಭಾನುವಾರ ಮತ್ತೆ ಇದೆಯಲ್ಲ ಆಟ? ಆ ಮುದುಕ ಹೋಗುವಾಗ ಹಾಗೇ ನಡೀಲಿ. ಕಾಗದ ಹಾಕಿ ವಾಪಸ್ಸು ಬರುವಾಗ ಬೇರೆ ನಡಿಗೆ ಇರ್ಬೇಕು. ಅಳತೆ ಮತ್ತೆ ತಗೋಬೇಕು. ಪುಸ್ತಕ ಪೆನ್ನು ತಗೊಂಡು ಹೊರಗೆ ಕೂರು, ಬರ್ಕೊ."

ಅದಕ್ಕೇ ಇಲ್ಲಿ ಕೂತಿದ್ದೇನೆ. ಬಾಗಿಲಲ್ಲಿ ನಿಂತಿದ್ದಾನೆ, ತನ್ನ ಕೋಟು ಹಾಕಿಕೊಂಡು. ನಾನೇ ಅಳತೆ ನೋಡಿ ತಂದ ಶೂ, ಇವತ್ತು ಮೊದಲ ಸಲ. ರಸ್ತೆ ತಿರುವಿನ ಅಂಗಡಿಯಿಂದ ಕಪ್ಪು ದಾರದ ಉಂಡೆ ಬೇಕಂತೆ. ಮಾರ್ಚ್ ಮೂವತ್ತೊಂದು, ಡಾಕ್ಟರಮ್ಮ ಕೊಟ್ಟ ಗಡುವಿನ ಕೊನೇ ದಿನ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಆ ಮಾತು ಎತ್ತುತ್ತಿಲ್ಲ. ಕೋಲು ಬಾಗಿಲಿಗೆ ಒರಗಿಸಿದ.

"ನೋಡ್ತಿದೀಯಾ?"

ನೋಡುತ್ತಿದ್ದೇನೆ.

ಒಂದು. ಎರಡು. ಎಡ ಪಾದ ನೆಲವನ್ನ ಕೇಳುತ್ತಿಲ್ಲ. ಐದು. ಉಸಿರು ಹಿಡಿದಿಲ್ಲ, ಸದ್ದು ನನಗೇ ಕೇಳಿಸುತ್ತಿದೆ. ಎಡಗೈ ಸುಮ್ಮನೆ ಬೀಸುತ್ತಿದೆ, ಹೆಬ್ಬೆರಳು ಏನೂ ಹುಡುಕುತ್ತಿಲ್ಲ. ಭುಜ ಕಾಲಿಂಚು ಕೆಳಗೇ ಇದೆ, ಪ್ಯಾಡ್ ಬಿಚ್ಚಿದ್ದಾನೆ. ಹನ್ನೆರಡು. ಹದಿನೈದಕ್ಕೆ ನಿಂತ, ಸುಸ್ತಾಗಿದೆ, ಯಾವ ನೆಪವೂ ಇಲ್ಲದೆ ಸುಮ್ಮನೆ ನಿಂತ. ಹೊರಟ. ಇಪ್ಪತ್ತು. ಇಪ್ಪತ್ತೈದು. ಗೇಟು. ಗೇಟಿನ ಕಂಬ ಮುಟ್ಟಲೂ ಇಲ್ಲ. ದಾಟಿದ. ದಾಟಿದ. ತಿರುಗಿ ನೋಡುತ್ತಾನೆ ಅಂದುಕೊಂಡೆ, ನೋಡಲಿಲ್ಲ. ಮೂವತ್ತು. ಅಪ್ಪ, ಇಷ್ಟು ಬೇಗ ನಡೆದರೆ ಬರೆಯೋದು ಹೇಗೆ. ಮೂವತ್ತಾರು, ಮೂವತ್ತೇಳು, ಇಲ್ಲಿಂದ ಇನ್ನು ಕಾಣಿಸ್ತಿಲ್ಲ, ಇರು ನಾನೂ